ಆದೇಶ ಇಂಗ್ಲಿಷಿನಲ್ಲಿ, ಜೈಲುವಾಸ ಕನ್ನಡದಲ್ಲಿ!



ಊರಿನಲ್ಲೊಂದು ಕೊಲೆಯಾಗುತ್ತದೆ. ಆರೋಪಿ ಸಿಕ್ಕಿಬೀಳುತ್ತಾನೆ. ಆರು ತಿಂಗಳೋ ವರ್ಷವೋ ಕಳೆದ ಮೇಲೆ ಒಂದು ಸಂಜೆ ಸುದ್ದಿ ಬರುತ್ತದೆ, 'ಅವನಿಗೆ ಜಾಮೀನು ಆಯಿತಂತೆ' ಎಂದು. ಹೋಟೆಲಿನ ಮುಂದೆ ನಿಂತವರಲ್ಲಿ ಒಬ್ಬರು 'ದುಡ್ಡು ಕೆಲಸ ಮಾಡಿದೆ' ಅನ್ನುತ್ತಾರೆ. ಇನ್ನೊಬ್ಬರು 'ಕೇಸೇ ಬಿದ್ದುಹೋಯಿತು ಬಿಡಿ' ಅನ್ನುತ್ತಾರೆ. ಆರೋಪಿಯ ಕಡೆಯವರು ಪಟಾಕಿ ಹಚ್ಚುತ್ತಾರೆ. ಸತ್ತವನ ಮನೆಯಲ್ಲಿ ಎರಡನೇ ಸಲ ಸೂತಕ. ಆದರೆ ನ್ಯಾಯಾಧೀಶರು ಜಾಮೀನು ಯಾಕೆ ಕೊಟ್ಟರು? ಆದೇಶದಲ್ಲಿ ಬರೆದಿರುವ ಕಾರಣ ಏನು? ಇದನ್ನು ಯಾರೂ ಹೇಳುವುದಿಲ್ಲ. ಹೇಳಲು ಬರುವುದೂ ಇಲ್ಲ. ಯಾಕೆಂದರೆ ಅದು ಇಂಗ್ಲಿಷಿನಲ್ಲಿದೆ!

ನಾನು ವಕೀಲನಲ್ಲ. ಪಿಯುಸಿ ಮುಗಿಸಿ ಪ್ರೆಸ್ಸು ಹಿಡಿದವನು. ಲಗ್ನಪತ್ರಿಕೆ, ತಿಥಿ ಕಾರ್ಡು, ವಕಾಲತ್ತು ಫಾರಂ, ಹೋರಾಟದ ಕರಪತ್ರ ಎಲ್ಲವನ್ನೂ ಅಚ್ಚು ಹಾಕುವವನು. ಕಾನೂನು ಓದಿದವರನ್ನು ಕೇಳಿ, ಓದಿಸಿ, ಅರ್ಥ ಮಾಡಿಕೊಂಡದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ. ಓದಿ ಕೋಪ ಬಂದರೆ ಬರಲಿ. ಬರಲೇಬೇಕು.

ಜಾಮೀನು ಅಂದರೆ ಬಿಡುಗಡೆಯಲ್ಲ

ಮೊದಲು ಒಂದು ಮಾತು ತಲೆಯಲ್ಲಿ ಇಟ್ಟುಕೊಳ್ಳಿ. ಜಾಮೀನು ಸಿಕ್ಕಿತು ಅಂದರೆ ನಿರಪರಾಧಿ ಎಂದಲ್ಲ. ಸಿಗಲಿಲ್ಲ ಅಂದರೆ ಅಪರಾಧಿ ಎಂದೂ ಅಲ್ಲ. ವಿಚಾರಣೆ ಮುಗಿಯುವ ತನಕ ಈ ಮನುಷ್ಯ ಜೈಲಿನಲ್ಲಿರಬೇಕೋ, ಹೊರಗಿದ್ದು ಕರೆದಾಗ ಬರಬೇಕೋ ಎಂಬ ಪ್ರಶ್ನೆಗೆ ಉತ್ತರ, ಅಷ್ಟೇ. 1977ರಲ್ಲಿ ರಾಜಸ್ಥಾನದ ಬಾಲಚಂದ್ ಪ್ರಕರಣದಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಹಾಕಿಕೊಟ್ಟ ದಾರಿ ಇದು: ಜಾಮೀನು ನಿಯಮ, ಜೈಲು ಅಪವಾದ. ಓಡಿಹೋಗುವ, ಸಾಕ್ಷಿ ಕೆಡಿಸುವ, ಮತ್ತೆ ಅಪರಾಧ ಮಾಡುವ ಭಯವಿದ್ದರೆ ಮಾತ್ರ ಒಳಗಿಡಿ ಎಂದರು.

ಕೊಲೆಯಂಥ ಘೋರ ಅಪರಾಧಕ್ಕೆ ದಾರಿ ಇನ್ನೂ ಕಿರಿದು. 2024ರ ಜುಲೈ 1ರಿಂದ ಹಳೆಯ ದಂಡ ಪ್ರಕ್ರಿಯಾ ಸಂಹಿತೆ ಹೋಗಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ನಮ್ಮ ಬಾಯಲ್ಲಿ ಹೊರಳದ ಹೆಸರು! ಅದರ 480ನೇ ಕಲಮಿನ ಪ್ರಕಾರ, ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆ ಇರುವ ಅಪರಾಧವನ್ನು ಈತ ಮಾಡಿದ್ದಾನೆ ಎಂದು ನಂಬಲು ಸರಿಯಾದ ಆಧಾರವಿದ್ದರೆ ಮ್ಯಾಜಿಸ್ಟ್ರೇಟರು ಜಾಮೀನು ಕೊಡುವಂತಿಲ್ಲ. ಮಕ್ಕಳು, ಹೆಂಗಸರು, ಕಾಯಿಲೆಯವರು, ಅಶಕ್ತರು, ಇವರಿಗೆ ಮಾತ್ರ ರಿಯಾಯಿತಿ. ಹೀಗಾಗಿ ಕೊಲೆ ಕೇಸಿನ ಆರೋಪಿ 483ನೇ ಕಲಮಿನಡಿ ಸೆಷನ್ಸ್ ಕೋರ್ಟಿಗೆ ಹೋಗಬೇಕು. ಅಲ್ಲಿ ಆಗದಿದ್ದರೆ ಹೈಕೋರ್ಟು. ಅಲ್ಲೂ ಆಗದಿದ್ದರೆ ದೆಹಲಿ.

ನ್ಯಾಯಾಧೀಶರ ಮುಂದಿನ ಎಂಟು ಪ್ರಶ್ನೆ

ಮನಸ್ಸಿಗೆ ಬಂದಂತೆ ಜಾಮೀನು ಕೊಡುವ ಅಧಿಕಾರ ಯಾವ ನ್ಯಾಯಾಧೀಶರಿಗೂ ಇಲ್ಲ. 2010ರಲ್ಲಿ ಪ್ರಶಾಂತ ಕುಮಾರ್ ಸರ್ಕಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ನೋಡಬೇಕಾದ ಅಂಶಗಳನ್ನು ಎಣಿಸಿ ಹೇಳಿದೆ. ಕನ್ನಡದಲ್ಲಿ ಹೇಳುತ್ತೇನೆ, ಕತ್ತರಿಸಿ ಇಟ್ಟುಕೊಳ್ಳಿ.

ಒಂದು, ಮೇಲ್ನೋಟಕ್ಕೆ ಈತ ಅಪರಾಧ ಮಾಡಿದ್ದಾನೆ ಎಂದು ನಂಬಲು ಆಧಾರವಿದೆಯೇ? ಎರಡು, ಆರೋಪ ಎಂಥದ್ದು, ಎಷ್ಟು ಗಂಭೀರ? ಮೂರು, ಸಾಬೀತಾದರೆ ಶಿಕ್ಷೆ ಎಷ್ಟು? ನಾಲ್ಕು, ಬಿಟ್ಟರೆ ತಲೆಮರೆಸಿಕೊಳ್ಳುತ್ತಾನೆಯೇ? ಐದು, ಆತನ ನಡತೆ, ಅನುಕೂಲ, ಸಮಾಜದಲ್ಲಿನ ಸ್ಥಾನಮಾನ ಏನು? ಆರು, ಮತ್ತೆ ಅದೇ ಕೆಲಸಕ್ಕೆ ಇಳಿಯುತ್ತಾನೆಯೇ? ಏಳು, ಸಾಕ್ಷಿಗಳನ್ನು ಹೆದರಿಸುತ್ತಾನೆಯೇ, ಕೊಳ್ಳುತ್ತಾನೆಯೇ? ಎಂಟು, ಜಾಮೀನು ಕೊಟ್ಟರೆ ನ್ಯಾಯವೇ ಹಳ್ಳ ಹಿಡಿಯುತ್ತದೆಯೇ?

ಐದನೆಯದನ್ನು ಇನ್ನೊಮ್ಮೆ ಓದಿ. ಸ್ಥಾನಮಾನ ನೋಡುವುದು ದೊಡ್ಡವರಿಗೆ ರಿಯಾಯಿತಿ ಕೊಡಲಿಕ್ಕಲ್ಲ. ದೊಡ್ಡವನಾದಷ್ಟೂ ಸಾಕ್ಷಿಯ ಮೇಲೆ ಒತ್ತಡ ಹಾಕುವ ಶಕ್ತಿ ಹೆಚ್ಚು ಎಂಬುದೂ ಅದರಲ್ಲಿ ಸೇರಿದೆ.

ಇನ್ನೊಂದು ಕಟ್ಟಳೆ: ಕಾರಣ ಬರೆಯಬೇಕು. 2019ರಲ್ಲಿ ಮಹಿಪಾಲ್ ಪ್ರಕರಣದಲ್ಲಿ, ಕೊಲೆ ಆರೋಪಿಗೆ ಸರಿಯಾದ ಕಾರಣ ಬರೆಯದೆ ಹೈಕೋರ್ಟು ಕೊಟ್ಟಿದ್ದ ಜಾಮೀನನ್ನು ಸುಪ್ರೀಂ ಕೋರ್ಟು ಕಿತ್ತುಹಾಕಿತು. ಕಾರಣ ಹೇಳದ ಆದೇಶ ನಿಲ್ಲುವುದಿಲ್ಲ ಎಂದಿತು. ಸ್ವಾಮಿ, ನನ್ನ ಪ್ರಶ್ನೆ ಇಲ್ಲಿದೆ. ಕಾರಣ ಬರೆಯದಿದ್ದರೆ ತಪ್ಪು, ಸರಿ. ಬರೆದ ಕಾರಣ ಆರೋಪಿಗೂ ತಿಳಿಯದ, ಸತ್ತವನ ತಾಯಿಗೂ ತಿಳಿಯದ, ಠಾಣೆಯ ಕಾನ್‌ಸ್ಟೇಬಲ್‌ಗೂ ಪೂರ್ತಿ ತಿಳಿಯದ ಭಾಷೆಯಲ್ಲಿದ್ದರೆ ಅದು ಹೇಳಿದಂತಾಯಿತೋ, ಮುಚ್ಚಿಟ್ಟಂತಾಯಿತೋ?

ಒಂದೇ ಕಡತ, ಮೂರು ಕೋರ್ಟು, ಮೂರು ಆದೇಶ

ನಾಡಿಗೆ ನಾಡೇ ನೋಡಿದ ಪ್ರಕರಣವನ್ನೇ ತೆಗೆದುಕೊಳ್ಳೋಣ. ಚಿತ್ರದುರ್ಗದ ಯುವಕನೊಬ್ಬನ ಕೊಲೆ ಪ್ರಕರಣದಲ್ಲಿ ನಟ ದರ್ಶನ್ ಅವರನ್ನು 2024ರ ಜೂನ್ 11ರಂದು ಬಂಧಿಸಲಾಯಿತು. ಆರೋಪ ನಿಜವೋ ಸುಳ್ಳೋ ಹೇಳಬೇಕಾದ್ದು ವಿಚಾರಣಾ ನ್ಯಾಯಾಲಯ. ಅದು ನನ್ನ ಕೆಲಸವಲ್ಲ, ನಿಮ್ಮ ಕೆಲಸವೂ ಅಲ್ಲ. ಜಾಮೀನಿನ ದಾರಿಯನ್ನಷ್ಟೇ ನೋಡಿ.

ಅಕ್ಟೋಬರ್‌ನಲ್ಲಿ ಬೆಂಗಳೂರಿನ ಸೆಷನ್ಸ್ ಕೋರ್ಟು ಆಗದು ಎಂದಿತು. ಅದೇ ತಿಂಗಳ 30ರಂದು ಹೈಕೋರ್ಟು ಚಿಕಿತ್ಸೆಗೆಂದು ಆರು ವಾರದ ಮಧ್ಯಂತರ ಜಾಮೀನು ಕೊಟ್ಟಿತು. ಡಿಸೆಂಬರ್ 13ರಂದು ಪೂರ್ಣ ಜಾಮೀನು ಕೊಟ್ಟಿತು. 2025ರ ಆಗಸ್ಟ್ 14ರಂದು ಸುಪ್ರೀಂ ಕೋರ್ಟು ಅವರದೂ ಇತರ ಆರು ಮಂದಿಯದೂ ಜಾಮೀನನ್ನು ರದ್ದು ಮಾಡಿತು. ಬಂಧನದ ಕಾರಣವನ್ನು ಸರಿಯಾಗಿ ಲಿಖಿತವಾಗಿ ಕೊಡಲಿಲ್ಲ, ಸಾಕ್ಷಿಗಳ ಹೇಳಿಕೆ ತಡವಾಯಿತು ಎಂಬುದಕ್ಕೆ ಹೈಕೋರ್ಟು ತೂಕ ಕೊಟ್ಟಿತ್ತು. ಅದರಿಂದ ಆರೋಪಿಗೆ ನಿಜವಾದ ತೊಂದರೆ ಆಗಿದೆಯೇ ಎಂದು ನೋಡಬೇಕಿತ್ತು, ಜಾಮೀನಿನ ಹಂತದಲ್ಲಿಯೇ ಸಾಕ್ಷ್ಯವನ್ನು ಅಳೆದು ತೂಗಬಾರದಿತ್ತು, ಸಾಕ್ಷಿಗಳ ಮೇಲೆ ಪ್ರಭಾವ ಬೀರುವ ಅಪಾಯವನ್ನು ಲಘುವಾಗಿ ಕಾಣಬಾರದಿತ್ತು ಎಂದು ಸುಪ್ರೀಂ ಕೋರ್ಟು ಹೇಳಿತು. ಕಾನೂನಿಗಿಂತ ದೊಡ್ಡವರು ಯಾರೂ ಇಲ್ಲ ಎಂದೂ ಹೇಳಿತು.

ಜಾಮೀನು ಬಂದಾಗ ಹಾರ, ರದ್ದಾದಾಗ ಕಣ್ಣೀರು. ಒಬ್ಬರು ಕೊಟ್ಟ ಕಾರಣ ಏನು, ಇನ್ನೊಬ್ಬರು ಅದನ್ನು ತಳ್ಳಿದ ಕಾರಣ ಏನು ಎಂದು ಬೀದಿಯಲ್ಲಿ ಕುಣಿದ ಎಷ್ಟು ಜನಕ್ಕೆ ಗೊತ್ತಿತ್ತು? ಟಿವಿಯವರು ದಿನವಿಡೀ ಕೂಗಿದರು. ಆದೇಶ ಓದಿ ಹೇಳಿದವರು ಬೆರಳೆಣಿಕೆ. ಎರಡೂ ಆದೇಶ ಇಂಗ್ಲಿಷಿನಲ್ಲಿದ್ದರೆ ಕನ್ನಡಿಗನಿಗೆ ಉಳಿಯುವುದು ಗುಲ್ಲು ಮಾತ್ರ.

ಪೊಲೀಸರು ಮಲಗಿದರೆ ಬಾಗಿಲು ತೆರೆಯುತ್ತದೆ

'ಮೂರೇ ತಿಂಗಳಿಗೆ ಬಿಟ್ಟುಬಿಟ್ಟರು' ಎಂದು ಜನ ಕೋರ್ಟನ್ನು ಬೈಯುತ್ತಾರೆ. ಇದರ ಹಿಂದೆಯೂ ಒಂದು ಲೆಕ್ಕ ಇರುತ್ತದೆ. ಮರಣದಂಡನೆ, ಜೀವಾವಧಿ ಅಥವಾ ಹತ್ತು ವರ್ಷಕ್ಕೆ ಕಡಿಮೆಯಿಲ್ಲದ ಶಿಕ್ಷೆಯ ಅಪರಾಧವಾದರೆ 90 ದಿನ, ಉಳಿದವಕ್ಕೆ 60 ದಿನ. ಅಷ್ಟರೊಳಗೆ ಪೊಲೀಸರು ಚಾರ್ಜ್‌ಶೀಟ್ ಹಾಕದಿದ್ದರೆ, ಆರೋಪಿ ಅರ್ಜಿ ಹಾಕಿ ಶ್ಯೂರಿಟಿ ಕೊಟ್ಟರೆ ಬಿಡಲೇಬೇಕು. ಇದು ಆತನ ಹಕ್ಕು. ಆರೋಪ ಎಷ್ಟೇ ಘೋರವಾಗಿದ್ದರೂ ನ್ಯಾಯಾಧೀಶರ ಕೈ ಕಟ್ಟಿರುತ್ತದೆ. ಅಂಥ ಜಾಮೀನಿಗೆ ಕೋರ್ಟಿನ ಮುಂದೆ ಧಿಕ್ಕಾರ ಕೂಗಿ ಪ್ರಯೋಜನವಿಲ್ಲ. ಎಸ್.ಪಿ. ಕಚೇರಿಯ ಮುಂದೆ ಕೂತು, '90 ದಿನ ಏನು ಮಾಡುತ್ತಿದ್ದಿರಿ?' ಎಂದು ಕೇಳಬೇಕು. ಆದರೆ ಆದೇಶ ಓದಲು ಬಾರದವನು ಯಾರ ಬಾಗಿಲಿಗೆ ಹೋಗಬೇಕೆಂದು ಹೇಗೆ ತಿಳಿದಾನು?

ವಿಚಾರಣೆ ವರ್ಷಗಟ್ಟಲೆ ಎಳೆದಾಗಲೂ ಜಾಮೀನು ಬರುತ್ತದೆ. ಯುಎಪಿಎಯಂಥ ಕಠಿಣ ಕಾಯ್ದೆಯಡಿ ಇದ್ದರೂ, ವಿಚಾರಣೆ ಮುಗಿಯುವ ಲಕ್ಷಣವಿಲ್ಲದೆ ಒಬ್ಬನನ್ನು ಕೊಳೆಹಾಕಬಾರದು ಎಂದು 2021ರಲ್ಲಿ ನಜೀಬ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದೆ. 2017ರ ಸೆಪ್ಟೆಂಬರ್ 5ರಂದು ಕೊಲೆಯಾದ ಪತ್ರಕರ್ತೆ ಗೌರಿ ಲಂಕೇಶರ ಪ್ರಕರಣದಲ್ಲಿಯೂ, ಐದು ವರ್ಷಕ್ಕೂ ಮಿಕ್ಕಿ ಒಳಗಿದ್ದ ಒಬ್ಬ ಆರೋಪಿಗೆ 2023ರ ಡಿಸೆಂಬರ್‌ನಲ್ಲಿ ನಮ್ಮ ಹೈಕೋರ್ಟು ವಿಚಾರಣೆಯ ವಿಳಂಬವನ್ನೇ ಕಾರಣ ಮಾಡಿ ಜಾಮೀನು ಕೊಟ್ಟಿತು. ನೋವಾಗುತ್ತದೆಯೇ? ಆಗಲಿ. ಆದರೆ ಆ ನೋವಿಗೆ ಹೊಣೆ ವಿಚಾರಣೆ ಮುಗಿಸದ ವ್ಯವಸ್ಥೆ. 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ 5,73,220 ಮಂದಿಯಲ್ಲಿ 4,34,302 ಮಂದಿ ವಿಚಾರಣಾಧೀನರು. ನೂರರಲ್ಲಿ ಎಪ್ಪತ್ತೈದು ಜನ, ಅಪರಾಧ ಸಾಬೀತಾಗದವರು!

ದೇವರು ಕೊಟ್ಟರೂ ಪೂಜಾರಿ ಕೊಡ

ಜಾಮೀನು ಆದೇಶವಾದ ಮೇಲೂ ಬಡವ ಹೊರಗೆ ಬರುವುದಿಲ್ಲ. ಶ್ಯೂರಿಟಿ ಎಲ್ಲಿ? ಪಹಣಿ ಎಲ್ಲಿ? ಶ್ಯೂರಿಟಿ ಕೊಡುವವನು ಇದೇ ಜಿಲ್ಲೆಯವನೇ? ರಾಯಚೂರಿನ ಗಾರೆ ಕೆಲಸದವನು ಬೆಂಗಳೂರಿನಲ್ಲಿ ಬಂಧನವಾದರೆ ಅವನಿಗೆ ಬೆಂಗಳೂರಿನಲ್ಲಿ ನಿವೇಶನ ಇರುವ ಬಂಧು ಎಲ್ಲಿಂದ ಬರಬೇಕು? ಕೊನೆಗೆ ಕೋರ್ಟಿನ ಸುತ್ತ ಸುಳಿಯುವ ಬಾಡಿಗೆ ಜಾಮೀನುದಾರನ ಕಾಲಿಗೆ ಬೀಳಬೇಕು. ಖೋಟಾ ಪಹಣಿ, ಖೋಟಾ ಆಧಾರ್ ಇಟ್ಟುಕೊಂಡು ಈ ದಂಧೆ ಮಾಡುವವರನ್ನು ಬೆಂಗಳೂರು ಪೊಲೀಸರು ಎಷ್ಟು ಬಾರಿ ಹಿಡಿದಿಲ್ಲ? ಹಿಡಿದಷ್ಟೂ ಹುಟ್ಟುತ್ತಾರೆ, ಯಾಕೆಂದರೆ ಬಡವನಿಗೆ ಬೇರೆ ದಾರಿಯಿಲ್ಲ.

ಇದೇ ಅನ್ಯಾಯ 1978ರಲ್ಲಿ ಮೋತಿರಾಮ್ ಪ್ರಕರಣವಾಗಿ ದೆಹಲಿಗೆ ಹೋಗಿತ್ತು. ಆತ ಮಧ್ಯಪ್ರದೇಶದ ಒಬ್ಬ ಗಾರೆಯವನು. ಬಿಡಿ ಎಂದು ಸುಪ್ರೀಂ ಕೋರ್ಟೇ ಹೇಳಿದ್ದರೂ ಕೆಳಗಿನ ಮ್ಯಾಜಿಸ್ಟ್ರೇಟರು 10,000 ರೂಪಾಯಿಯ ಶ್ಯೂರಿಟಿ ಕೇಳಿದರು. ಅಣ್ಣತಮ್ಮನೇ ಶ್ಯೂರಿಟಿಗೆ ಬಂದರೆ, ನಿನ್ನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ತಳ್ಳಿದರು. ಕೃಷ್ಣ ಅಯ್ಯರ್ ಸಿಟ್ಟಾದರು. ಒಬ್ಬ ಕನ್ನಡಿಗನೋ ಮಲಯಾಳಿಯೋ ತಮಿಳನೋ ಆಂಧ್ರದವನೋ ದೂರದ ಬಸ್ತಾರಿನಲ್ಲಿ ಬಂಧನವಾದರೆ ಅಲ್ಲಿ ಆಸ್ತಿಯಿರುವ ಶ್ಯೂರಿಟಿಯನ್ನು ಎಲ್ಲಿಂದ ತಂದಾನು ಎಂದು ಕೇಳಿದರು. ಹೌದು ಬಂಧುಗಳೇ, ಕನ್ನಡಿಗನ ಹೆಸರು ಆ ತೀರ್ಪಿನಲ್ಲೇ ಇದೆ! ಅಷ್ಟಕ್ಕೇ ನಿಲ್ಲಿಸಲಿಲ್ಲ. ಸಂವಿಧಾನದ 350ನೇ ವಿಧಿಯನ್ನು ನೆನಪಿಸಿ, ಯಾವುದೇ ರಾಜ್ಯದ ಭಾಷೆಯಲ್ಲಿ ಬರೆದ ವಕಾಲತ್ತನ್ನು ದೇಶದ ಎಲ್ಲೆಡೆ ಒಪ್ಪಬೇಕು, ಇಲ್ಲದಿದ್ದರೆ ಸ್ವತಂತ್ರ ಭಾರತದಲ್ಲಿ ಆದಿವಾಸಿ ಸ್ವತಂತ್ರನಾಗುವುದಿಲ್ಲ ಎಂಬ ಅರ್ಥದ ಮಾತು ಬರೆದರು. ಗಾರೆಯವನನ್ನು 1,000 ರೂಪಾಯಿಯ ಸ್ವಂತ ಮುಚ್ಚಳಿಕೆಯ ಮೇಲೆ ಬಿಡಿಸಿದರು.

ನಾಲ್ಕು ದಶಕ ದಾಟಿ 2023ರ ಜನವರಿ 31ರಂದು ಸುಪ್ರೀಂ ಕೋರ್ಟು ಮತ್ತೆ ಅದನ್ನೇ ಹೇಳಬೇಕಾಯಿತು. ಸ್ಥಳೀಯ ಶ್ಯೂರಿಟಿಯೇ ಬೇಕೆಂದು ಹಟ ಹಿಡಿಯಬೇಡಿ, ಜಾಮೀನು ಆದೇಶವನ್ನು ಜೈಲಿಗೆ ಕಳುಹಿಸಿ, ಏಳು ದಿನದಲ್ಲಿ ಕೈದಿ ಹೊರಬರದಿದ್ದರೆ ಜೈಲಿನವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಿ, ತಿಂಗಳಾದರೂ ಶ್ಯೂರಿಟಿ ಸಿಗದಿದ್ದರೆ ಷರತ್ತು ಸಡಿಲಿಸುವುದನ್ನು ಕೋರ್ಟೇ ಪರಿಶೀಲಿಸಬಹುದು ಎಂದಿತು. ಈ ಮಾತು ನಿಮ್ಮೂರ ಜೈಲಿನ ಗೋಡೆಯ ಮೇಲೆ ಕನ್ನಡದಲ್ಲಿ ಇದೆಯೇ? ಹೋಗಿ ನೋಡಿ.

ಒಂದು ಹಾಳೆಯ ಬೆಲೆ

ಭಾಷೆ ತಿಳಿಯದಿದ್ದರೆ ಏನಾಗುತ್ತದೆ? ನಮ್ಮ ಪ್ರೆಸ್ಸಿನಲ್ಲಿ ಬೈಂಡಿಂಗ್ ಮಾಡುತ್ತಿದ್ದ ಹುಡುಗನ ಅಣ್ಣ ಒಂದು ಹೊಡೆದಾಟದ ಕೇಸಿನಲ್ಲಿ ಒಳಗಿದ್ದ. ಕೊಲೆ ಯತ್ನದ ಆರೋಪ. ಜಾಮೀನಾಯಿತು. ಹದಿನಾಲ್ಕು ಪುಟದ ಇಂಗ್ಲಿಷ್ ಆದೇಶ ಕೈಗೆ ಬಂತು. ಮನೆಯವರು ಅದನ್ನು ದೇವರ ಪಟದ ಹಿಂದೆ ಇಟ್ಟರು, ಮಗ ಕೂಲಿಗೆಂದು ಬೇರೆ ಜಿಲ್ಲೆಗೆ ಹೋದ. ಕೊನೆಯ ಪುಟದಲ್ಲಿ ಎರಡು ಸಾಲಿತ್ತು: ಎರಡು ವಾರಕ್ಕೊಮ್ಮೆ ಠಾಣೆಗೆ ಹೋಗಿ ಸಹಿ ಹಾಕಬೇಕು, ಅನುಮತಿಯಿಲ್ಲದೆ ಜಿಲ್ಲೆ ಬಿಡಬಾರದು. ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಷರತ್ತು ಮುರಿದನೆಂದು ವಾರಂಟು ಬಂತು, ಹುಡುಗ ಮತ್ತೆ ಒಳಗೆ. ಅವನ ತಾಯಿ ಆ ಹಾಳೆ ಹಿಡಿದು ನನ್ನ ಮುಂದೆ ಕೂತು, 'ಅಣ್ಣಾ, ಇದರಲ್ಲಿ ಬರೆದಿತ್ತಾ?' ಎಂದು ಕೇಳಿದಳು. ಬರೆದಿತ್ತು ತಾಯಿ. ನಿನಗೆ ಬರೆದಿರಲಿಲ್ಲ, ಅಷ್ಟೇ.

ಆ ಎರಡು ಸಾಲನ್ನು ಕನ್ನಡದಲ್ಲಿ ಬರೆಯಲು ಎಷ್ಟು ಹೊತ್ತು ಬೇಕು? ನನ್ನ ಪ್ರೆಸ್ಸಿನಲ್ಲಾದರೆ ಎರಡು ನಿಮಿಷ!

ಹಿಂದಿಗೆ ಆಗುತ್ತದೆ, ಕನ್ನಡಕ್ಕೆ ಆಗದು!

ಕೆಳ ನ್ಯಾಯಾಲಯಗಳ ಭಾಷೆ ಯಾವುದೆಂದು ಗೊತ್ತುಮಾಡುವ ಅಧಿಕಾರ ರಾಜ್ಯ ಸರ್ಕಾರದ್ದು. ಹೊಸ ಸಂಹಿತೆಯ 307ನೇ ಕಲಮೂ ಅದನ್ನೇ ಹೇಳುತ್ತದೆ. ಕರ್ನಾಟಕದಲ್ಲಿ ಅದು ಕನ್ನಡ ಎಂದಾಗಿ ದಶಕಗಳು ಕಳೆದಿವೆ. ಆದರೂ ಎಷ್ಟೋ ಜಾಮೀನು ಆದೇಶಗಳು ಇಂಗ್ಲಿಷಿನಲ್ಲೇ ಬರುತ್ತವೆ. ಕನ್ನಡದಲ್ಲಿ ತೀರ್ಪು ಬರೆದ ನ್ಯಾಯಾಧೀಶರಿಗೆ ಪ್ರಶಸ್ತಿ ಕೊಟ್ಟು ಸನ್ಮಾನ ಮಾಡುತ್ತೇವೆ. ಕನ್ನಡ ನಾಡಿನಲ್ಲಿ ಕನ್ನಡ ಬರೆದದ್ದಕ್ಕೆ ಪ್ರಶಸ್ತಿ! ಬರೆದವರಿಗೆ ನಮಸ್ಕಾರ. ಬರೆಯದವರನ್ನು ಕೇಳುವವರು ಯಾರು?

ಹೈಕೋರ್ಟಿನ ಕತೆ ಬೇರೆ. ಸಂವಿಧಾನದ 348ನೇ ವಿಧಿ ಅಲ್ಲಿ ಇಂಗ್ಲಿಷ್ ಎನ್ನುತ್ತದೆ. ಆದರೆ ಅದೇ ವಿಧಿಯ ಎರಡನೇ ಉಪವಿಧಿ, ರಾಷ್ಟ್ರಪತಿಗಳ ಒಪ್ಪಿಗೆ ಪಡೆದು ರಾಜ್ಯದ ಭಾಷೆಯನ್ನು ಕಲಾಪದಲ್ಲಿ ಬಳಸಲು ರಾಜ್ಯಪಾಲರು ಅನುಮತಿ ಕೊಡಬಹುದು ಎನ್ನುತ್ತದೆ. ಈ ಬಾಗಿಲಿನಿಂದ ರಾಜಸ್ಥಾನ 1950ರಲ್ಲಿ, ಉತ್ತರಪ್ರದೇಶ 1969ರಲ್ಲಿ, ಮಧ್ಯಪ್ರದೇಶ 1971ರಲ್ಲಿ, ಬಿಹಾರ 1972ರಲ್ಲಿ ಒಳಗೆ ಹೋದವು. ನಾಲ್ಕಕ್ಕೂ ಹಿಂದಿ! ತಮಿಳುನಾಡು, ಗುಜರಾತ್, ಪಶ್ಚಿಮ ಬಂಗಾಳ, ಛತ್ತೀಸಗಢ, ಕರ್ನಾಟಕ ಕೇಳಿದವು. 2012ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳೆಲ್ಲ ಸೇರಿದ ಸಭೆ ಒಪ್ಪಲಿಲ್ಲ. ಕೇಂದ್ರ ಸರ್ಕಾರ ಅದನ್ನೇ ಗುರಾಣಿ ಮಾಡಿಕೊಂಡು ಕೂತಿತು.

'ಕನ್ನಡದಲ್ಲಿ ಕಾನೂನಿನ ಪದವಿಲ್ಲ' ಎನ್ನುವವರಿದ್ದಾರೆ. ಜಾಮೀನು, ಮುಚ್ಚಳಿಕೆ, ತಕರಾರು, ಫಿರ್ಯಾದಿ, ಮಹಜರು ಎಂಬ ಮಾತು ಹಳ್ಳಿಯ ಅಜ್ಜಿಗೂ ಗೊತ್ತು. 'ಹೊರರಾಜ್ಯದ ನ್ಯಾಯಮೂರ್ತಿಗಳು ಬರುತ್ತಾರೆ, ಅವರಿಗೆ ಕನ್ನಡ ಬಾರದು' ಎನ್ನುವವರಿದ್ದಾರೆ. ಸರಿ, ಅವರು ಇಂಗ್ಲಿಷಿನಲ್ಲೇ ಬರೆಯಲಿ. ಜೊತೆಗೆ ಒಂದು ಪುಟ ಕನ್ನಡದ ಸಾರಾಂಶ ಹಚ್ಚಲು ಯಾವ ವಿಧಿ ಅಡ್ಡ ಬರುತ್ತದೆ? 2024ರ ಡಿಸೆಂಬರ್‌ನಲ್ಲಿ ನಮ್ಮ ಹೈಕೋರ್ಟಿನ ವಿಭಾಗೀಯ ಪೀಠವೇ ಒಂದು ತೀರ್ಪನ್ನು ಕನ್ನಡದಲ್ಲೂ ಕೊಟ್ಟು ತೋರಿಸಿತಲ್ಲ, ಆಕಾಶ ಕಳಚಿ ಬಿತ್ತೇ?

ಬಿಹಾರದ ಕೂಲಿಗೂ ಅದೇ ನ್ಯಾಯ

ಇಲ್ಲಿ ನಮ್ಮವರಿಗೂ ಒಂದು ಮಾತು. 2025ರ ನವೆಂಬರ್ 6ರಂದು ಸುಪ್ರೀಂ ಕೋರ್ಟು ಮಿಹಿರ್ ಶಾ ಪ್ರಕರಣದಲ್ಲಿ, ಬಂಧಿತನಿಗೆ ಬಂಧನದ ಕಾರಣವನ್ನು ಅವನಿಗೆ ತಿಳಿಯುವ ಭಾಷೆಯಲ್ಲಿ, ಬರಹದಲ್ಲಿ ಕೊಡಲೇಬೇಕು ಎಂದು ಹೇಳಿತು. ತಡವಾದರೂ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸುವ ಎರಡು ಗಂಟೆ ಮೊದಲಾದರೂ ಕೊಡಬೇಕು, ಇಲ್ಲದಿದ್ದರೆ ಬಂಧನವೇ ಅಕ್ರಮ. ಕನ್ನಡಿಗನ ಕೈಗೆ ಇಂಗ್ಲಿಷ್ ಹಾಳೆ ತುರುಕಿದರೆ ಇನ್ನು ನಡೆಯದು. ಹಾಗೆಯೇ ಬೆಂಗಳೂರಿನಲ್ಲಿ ಬಂಧನವಾದ ಬಿಹಾರದ ಕೂಲಿಗೆ ಅವನ ಭಾಷೆಯಲ್ಲೂ ಕೊಡಬೇಕು. ಕೊಡಲಿ! ಬಸ್ತಾರಿನಲ್ಲಿ ಕನ್ನಡಿಗನ ಪರ ನಿಂತ ನ್ಯಾಯ ಇಲ್ಲಿ ಅವನ ಪರ ನಿಲ್ಲದಿದ್ದರೆ ಅದು ನ್ಯಾಯವಲ್ಲ. ನಾವು ಅಂಗಡಿಯ ಬೋರ್ಡಿನಲ್ಲಿ ಕನ್ನಡ ಕೇಳುವುದು ಹಕ್ಕು. ಜೈಲಿನಲ್ಲಿರುವವನ ಬಾಯಿ ಮುಚ್ಚಿಸುವುದು ಹಕ್ಕಲ್ಲ. 2023ರ ಡಿಸೆಂಬರ್‌ನಲ್ಲಿ ನಾಮಫಲಕ ಹೋರಾಟ ಮಾಡಿ ಜೈಲು ಕಂಡ ನಮ್ಮ ಹುಡುಗರಿಗೆ ಜಾಮೀನಿನ ಬೆಲೆ ಚೆನ್ನಾಗಿ ಗೊತ್ತು.

ಸತ್ತವನ ಮನೆಯವರನ್ನೂ ಮರೆಯುವಂತಿಲ್ಲ. 2022ರಲ್ಲಿ ಲಖೀಂಪುರ ಖೇರಿ ಪ್ರಕರಣದಲ್ಲಿ, ನೊಂದವರ ಮಾತು ಸರಿಯಾಗಿ ಕೇಳದೆ ಕೊಟ್ಟ ಜಾಮೀನನ್ನು ಸುಪ್ರೀಂ ಕೋರ್ಟು ರದ್ದು ಮಾಡಿತು. ಜಾಮೀನಿನ ಹಂತದಲ್ಲೂ ನೊಂದವರಿಗೆ ಮಾತಾಡುವ ಹಕ್ಕಿದೆ. ಆದರೆ ಯಾವ ಭಾಷೆಯಲ್ಲಿ? ಮಗನನ್ನು ಕಳೆದುಕೊಂಡ ತಂದೆ ಹೈಕೋರ್ಟಿನ ಹಿಂದಿನ ಬೆಂಚಿನಲ್ಲಿ ಕೂತು, ತನ್ನ ಮಗನ ಸಾವಿನ ಬಗ್ಗೆ ಇಬ್ಬರು ವಕೀಲರು ಇಂಗ್ಲಿಷಿನಲ್ಲಿ ವಾದಿಸುವುದನ್ನು ಮೂಕನಂತೆ ನೋಡಿ ಬಸ್ಸು ಹತ್ತುವುದೇ ಆ ಹಕ್ಕು?

ನಮ್ಮ ಹಕ್ಕೊತ್ತಾಯ

1. ಸೆಷನ್ಸ್ ಮತ್ತು ಮ್ಯಾಜಿಸ್ಟ್ರೇಟ್ ಕೋರ್ಟುಗಳ ಪ್ರತಿಯೊಂದು ಜಾಮೀನು ಆದೇಶವೂ ಕಾರಣ ಸಹಿತ ಕನ್ನಡದಲ್ಲಿ ಇರಬೇಕು.

2. ಹೈಕೋರ್ಟಿನ ಜಾಮೀನು ಆದೇಶಕ್ಕೆ ಒಂದು ಪುಟದ ಕನ್ನಡ ಸಾರಾಂಶ, ಷರತ್ತುಗಳ ಪಟ್ಟಿಯೊಡನೆ, ಅದೇ ದಿನ ಸಿಗಬೇಕು.

3. ಆರೋಪಿಗೂ ನೊಂದವರ ಮನೆಗೂ ಅದರ ಪ್ರತಿ ಉಚಿತವಾಗಿ ಸಿಗಬೇಕು. ಕನ್ನಡ ಬಾರದವರಿಗೆ ಅವರ ಭಾಷೆಯಲ್ಲಿ.

4. ಸ್ಥಳೀಯ ಶ್ಯೂರಿಟಿಯ ಹಟ ನಿಲ್ಲಬೇಕು. 2023ರ ನಿರ್ದೇಶನಗಳನ್ನು ಪ್ರತಿ ಜೈಲಿನಲ್ಲೂ ಕನ್ನಡದಲ್ಲಿ ಅಂಟಿಸಬೇಕು.

5. ಚಾರ್ಜ್‌ಶೀಟ್ ತಡವಾಗಿ ಘೋರ ಆರೋಪಿ ಹೊರಬಂದರೆ ಆ ತನಿಖಾಧಿಕಾರಿಯಿಂದ ವಿವರಣೆ ಕೇಳಬೇಕು.

6. 348ನೇ ವಿಧಿಯಡಿ ಕನ್ನಡಕ್ಕೆ ಅನುಮತಿ ಕೊಡಿಸಲು ರಾಜ್ಯ ಸರ್ಕಾರ ಮತ್ತೆ ದೆಹಲಿಯ ಕದ ತಟ್ಟಬೇಕು. ನಮ್ಮ ಸಂಸದರು ಲೋಕಸಭೆಯಲ್ಲಿ ಬಾಯಿ ಬಿಡಬೇಕು.

ಓದುಗರೇ, ಇದನ್ನು ಓದಿ ಮಡಿಸಿ ಇಡಬೇಡಿ. ನಿಮ್ಮ ತಾಲ್ಲೂಕಿನ ವಕೀಲರ ಸಂಘಕ್ಕೆ ಹೋಗಿ, ಈ ಆರು ಬೇಡಿಕೆ ಓದಿ ಹೇಳಿ, ಸಹಿ ಕೇಳಿ. ನಿಮ್ಮೂರಲ್ಲಿ ಯಾರಿಗಾದರೂ ಜಾಮೀನು ಆಯಿತೆಂದರೆ 'ದುಡ್ಡು ಕೊಟ್ಟ' ಎನ್ನುವ ಮೊದಲು 'ಆದೇಶದ ಪ್ರತಿ ತೋರಿಸಿ, ಕನ್ನಡದಲ್ಲಿ ತೋರಿಸಿ' ಎಂದು ಕೇಳಿ. ಕೋರ್ಟಿನಲ್ಲಿ ಗೆದ್ದವ ಸೋತ, ಸೋತವ ಸತ್ತ ಎಂದು ನಮ್ಮ ಹಿರಿಯರು ಹೇಳಿದರು. ಯಾಕೆ ಸೋತೆ ಎಂಬುದಾದರೂ ತನ್ನ ನುಡಿಯಲ್ಲಿ ತಿಳಿಯುವ ಹಕ್ಕು ಈ ನಾಡಿನ ಮನುಷ್ಯನಿಗೆ ಬೇಡವೇ?

ಸಿರಿಗನ್ನಡಂ ಗೆಲ್ಗೆ!